ತಂತಿಯ ತಾಳ್ಮೆ

ನೆರೆಮನೆಯ ಬಾಲಕಿಯು ಪ್ರಾತಃಕಾಲದಲ್ಲಿ ಕನ್ನಡಿಯ ಮುಂದೆ ನಿಂತು, ದಂತಪಂಕ್ತಿಗೆ ಬಿಗಿದ ತಂತಿಯ ಸಂದುಸಂದುಗಳನ್ನೂ ಸಣ್ಣ ಬ್ರಷ್ಷಿನಿಂದ ಶೋಧಿಸುವ ತನ್ಮಯತೆಯನ್ನು ಕಂಡಾಗಲೆಲ್ಲ, ದೇವರ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ಬೆಳಗುತ್ತಿದ್ದ ಅಜ್ಜಿ ನನಗೆ ನೆನಪಾಗುತ್ತಾಳೆ. 1728ರಷ್ಟು ಹಿಂದೆಯೇ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರನು ಲೋಹಪಟ್ಟಿಯಿಂದ ವಕ್ರದಂತಗಳನ್ನು ತಿದ್ದುವ ಕ್ರಮವನ್ನು ತನ್ನ ಗ್ರಂಥದಲ್ಲಿ ನಿರೂಪಿಸಿದ್ದನು. ಹಲ್ಲು ಚಲಿಸುವುದೋ ತಿಂಗಳಿಗೆ ಸುಮಾರು 1 ಮಿಲಿಮೀಟರು. ಒತ್ತಡ ಬಿದ್ದೆಡೆ ಅಸ್ಥಿಯು ಕರಗಿ, ತೆರವಾದೆಡೆ ಹೊಸದು ಬೆಳೆಯಬೇಕಷ್ಟೆ. ಆ ದೀರ್ಘಾವಧಿಯಲ್ಲಿ ತಂತಿಯ ಮರೆಯಲ್ಲಿ ಅನ್ನದ ಅಗುಳು ನಿಂತು ನಿಂತು ಆಮ್ಲವು ಜನಿಸಿದರೆ, ತಂತಿ ತೆಗೆದ ದಿನ ಹಲ್ಲಿನ ಮೇಲೆ ಬಿಳಿಯ ಕಲೆಗಳು ಗೋಚರಿಸುವುವು. ಕೋಡುಬಳೆ, ಚಿಕ್ಕಿ, ಕಬ್ಬು ಎಲ್ಲವೂ ವರ್ಜ್ಯ. ಪಾಪ! ಕಳೆದ ಸಂಕ್ರಾಂತಿಯಂದು ಆಕೆ ತನ್ನ ಪಾಲಿನ ಕಬ್ಬಿನ ಜಲ್ಲೆಯನ್ನು ತಮ್ಮನಿಗಿತ್ತು, ತಾನು ಒಂದು ಲೋಟ ಕಬ್ಬಿನ ಹಾಲನ್ನು ಕುಡಿದು, ಒಡನೆಯೇ ಬಾಯಿ ಮುಕ್ಕಳಿಸಲು ಹಿತ್ತಿಲಿಗೆ ಓಡಿದಳು.