ಪ್ಲೇಟ್‌ಲೆಟ್ ಕಮ್ಮಿ ಇದ್ರೆ ಲಸಿಕೆ ಹಾಕಿಸ್ಕೋಬಹುದಾ?

ಪ್ಲೇಟ್‌ಲೆಟ್ ಕಮ್ಮಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಡೆಂಗಿ. ಆದ್ರೆ ಐಟಿಪಿ ಅಂತ ಇನ್ನೊಂದು ಕಾಯಿಲೆ ಇದೆ. ಇದರಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ಪ್ಲೇಟ್‌ಲೆಟ್‌ಗಳನ್ನ ನಾಶ ಮಾಡುತ್ತೆ. 1.5 ಲಕ್ಷಕ್ಕಿಂತ ಮೇಲಿರಬೇಕಾದ ಕೌಂಟ್ ಕೆಲವರಲ್ಲಿ 10,000ಕ್ಕಿಂತ ಕೆಳಗಿಳಿಯುತ್ತೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಔಷಧಿ ಹೇಳಲ್ಲ, ಡಾಕ್ಟರ್‌ಗೆ ಕೇಳಬೇಕಾದ ಮೂರು ಪ್ರಶ್ನೆ ಹೇಳ್ತೀನಿ.

ಒಂದು, ಈಗಲೇ ಚಿಕಿತ್ಸೆ ಬೇಕಾ? ದೊಡ್ಡವರಲ್ಲಿ ಕೌಂಟ್ 30,000ಕ್ಕಿಂತ ಹೆಚ್ಚಿದ್ದು, ರಕ್ತಸ್ರಾವ ಇಲ್ಲದಿದ್ರೆ ಎಷ್ಟೋ ಸಲ ಔಷಧಿ ಕೊಡದೆ ಗಮನಿಸ್ತಾರೆ. ಸ್ಟಿರಾಯ್ಡ್ ಕೌಂಟ್ ಏರಿಸುತ್ತೆ ನಿಜ, ಶುಗರ್ರೂ ಏರಿಸಬಹುದು, ನಿದ್ದೆನೂ ಕೆಡಿಸಬಹುದು.

ಎರಡು, ಲಸಿಕೆ ಮೊದಲಾ, ಚಿಕಿತ್ಸೆ ಮೊದಲಾ? ಇದು ತುಂಬಾ ಮುಖ್ಯ. ರಿಟುಕ್ಸಿಮ್ಯಾಬ್ ತಗೊಂಡ್ಮೇಲೆ ಸುಮಾರು 6 ತಿಂಗಳು ಲಸಿಕೆ ಸರಿಯಾಗಿ ಕೆಲಸ ಮಾಡಲ್ಲ. ಗುಲ್ಮ, ಅಂದ್ರೆ ಸ್ಪ್ಲೀನ್, ರಕ್ತದಲ್ಲಿರೋ ಬ್ಯಾಕ್ಟೀರಿಯಾನ ಸೋಸೋ ಅಂಗ. ಅದನ್ನ ತೆಗೆಸೋದಾದ್ರೆ ನ್ಯುಮೋಕಾಕಸ್, ಮೆನಿಂಜೋಕಾಕಸ್, ಹಿಬ್ ಲಸಿಕೆಗಳು ಆಪರೇಷನ್‌ಗೆ ಕನಿಷ್ಠ 2 ವಾರ ಮುಂಚೆ ಆಗಿರಬೇಕು. ತುರ್ತು ಇದ್ರೆ ಮಾತ್ರ ಲೆಕ್ಕ ಬೇರೆ.

ಮೂರು, ಲಸಿಕೆಯಿಂದಲೇ ಕೌಂಟ್ ಬೀಳುತ್ತಾ? ಅಪರೂಪಕ್ಕೆ ಬೀಳುತ್ತೆ. ಎಂಎಂಆರ್ ಲಸಿಕೆ ನಂತರ ಹೀಗಾಗಿದ್ದಿದೆ. ಆದ್ರೆ ದಡಾರ, ರುಬೆಲ್ಲಾ ಕಾಯಿಲೆಗಳಿಂದ್ಲೇ ಕೌಂಟ್ ಬೀಳೋ ಸಾಧ್ಯತೆ ಇನ್ನೂ ಜಾಸ್ತಿ. ಹಾಗಾಗಿ ಭಯಪಟ್ಟು ಲಸಿಕೆ ಬಿಡೋ ಬದಲು, "ಲಸಿಕೆ ಆದ್ಮೇಲೆ ಕೌಂಟ್ ಯಾವಾಗ ಚೆಕ್ ಮಾಡಿಸ್ಲಿ?" ಅಂತ ಕೇಳಿ.

ರಕ್ತ ನಿಲ್ತಿಲ್ಲ ಅಥವಾ ಇದ್ದಕ್ಕಿದ್ದಂತೆ ಜೋರು ತಲೆನೋವು ಬಂತು ಅಂದ್ರೆ ಪ್ರಶ್ನೆ ಆಮೇಲೆ, ಮೊದಲು ಆಸ್ಪತ್ರೆಗೆ ಓಡಿ. ಮುಂದಿನ ಸಂಚಿಕೇಲಿ ಸಿಗೋಣ.