ಉಯಿಲು ಹೇಳುವ ಕುಲಕಥೆ

ನಮ್ಮ ಮುತ್ತಜ್ಜನ ತಂದೆಯ ಹೆಸರೇನೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಥಟ್ಟನೆ ಹೇಳಬಲ್ಲೆವು? ಶ್ರಾದ್ಧದಲ್ಲಿ ಮೂರು ತಲೆಗಳ ಹೆಸರು ಬರುತ್ತದೆ, ಅದರಾಚೆಗೆ ಕತ್ತಲೆ. ಆ ಕತ್ತಲೆಯಲ್ಲಿ ದೀಪ ಹಿಡಿದು ಹೊರಟ ಒಬ್ಬ ದೊಡ್ಡ ಮನುಷ್ಯರ ಕಥೆಯನ್ನು ಈ ಹೊತ್ತು ಕೇಳಿ.

ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದ ಕಾಲ. ಫಿಲಡೆಲ್ಫಿಯದ ಬೆಂಜಮಿನ್ ಫ್ರಾಂಕ್ಲಿನ್ ರಾಜಕಾರ್ಯಕ್ಕಾಗಿ ಲಂಡನ್ನಿಗೆ ಬಂದಿದ್ದರು. 1758ರ ಬೇಸಗೆಯಲ್ಲಿ ಮಗ ವಿಲಿಯಂನನ್ನು ಕರೆದುಕೊಂಡು ನಾರ್ಥಾಂಪ್ಟನ್‌ಷೈರಿನ ಎಕ್ಟನ್ ಎಂಬ ಹಳ್ಳಿಗೆ ಹೋದರು. ಅವರ ತಂದೆ ಜೋಸಯ 1657ರಲ್ಲಿ ಹುಟ್ಟಿದ್ದು ಅಲ್ಲಿಯೇ. ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಇಂಗ್ಲೆಂಡಿನಲ್ಲಿ 1538ರಲ್ಲಿಯೇ ಅಪ್ಪಣೆಯಾಗಿತ್ತು. ಎಕ್ಟನ್ನಿನ ಪುಸ್ತಕದಲ್ಲಿ 1555ರಿಂದೀಚಿನ ಹೆಸರುಗಳಿದ್ದವು. ಅದನ್ನು ಓದಿದಾಗ, ಐದು ತಲೆಗಳಿಂದಲೂ ತಾವು ಕಿರಿಯ ಮಗನ ಕಿರಿಯ ಮಗನೆಂಬುದು ಫ್ರಾಂಕ್ಲಿನ್ನರಿಗೆ ತಿಳಿಯಿತು. ಅಂಗಳದ ಗೋರಿಕಲ್ಲುಗಳಿಗೆ ಪಾಚಿ ಕಟ್ಟಿತ್ತು. ಜೊತೆಗಿದ್ದ ಗುಲಾಮ ಪೀಟರ್ ನೀರು ಹಾಕಿ ಉಜ್ಜಿದ. ವಿಲಿಯಂ ಅಕ್ಷರಗಳನ್ನು ಬರೆದುಕೊಂಡ.

ಇಂಥ ದಾಖಲೆಗಳನ್ನು ಓದುವವರಿಗೆ ಒಂದು ಎಚ್ಚರಿಕೆ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ಕ್ಕೆ. ಹಳೆಯ ಲೆಕ್ಕದಲ್ಲಿ ಫ್ರಾಂಕ್ಲಿನ್ನರು ಹುಟ್ಟಿದ್ದು 1705ರ ಜನವರಿ 6. ಈಗಿನ ಲೆಕ್ಕದಲ್ಲಿ ಅದು 1706ರ ಜನವರಿ 17. ದಿನ ಮಾತ್ರ ಒಂದೇ!

ಯಾರಿಗೆ ಯಾರು ಹುಟ್ಟಿದರೆಂದು ಚರ್ಚಿನ ಪುಸ್ತಕ ಹೇಳುತ್ತದೆ. ಯಾರಿಗೆ ಯಾರು ಬೇಕಾದರು, ಯಾರು ಬೇಡವಾದರೆಂದು ಹೇಳುವುದು ಉಯಿಲು. 1771ರಲ್ಲಿ ಫ್ರಾಂಕ್ಲಿನ್ನರು ಆತ್ಮಕಥೆಗೆ ಕೈಹಾಕಿದಾಗ ಮಗನನ್ನೇ ಸಂಬೋಧಿಸಿ, ಆ ಪ್ರಯಾಣವನ್ನು ನೆನಪಿಸಿಯೇ ಆರಂಭಿಸಿದರು. ಆಮೇಲೆ ಸ್ವಾತಂತ್ರ್ಯ ಯುದ್ಧ ಬಂತು. ನ್ಯೂಜೆರ್ಸಿಯ ಗವರ್ನರನಾಗಿದ್ದ ವಿಲಿಯಂ ದೊರೆಯ ಪಕ್ಷ ಹಿಡಿದ. 1788ರಲ್ಲಿ ಬರೆದ ಉಯಿಲಿನಲ್ಲಿ ಆಸ್ತಿಯ ಬಹುಭಾಗ ಮಗಳು ಸಾರಾ ಮತ್ತು ಅಳಿಯನಿಗೆ ಹೋಯಿತು. ಮಗನಿಗೆ ದೂರದ ನೋವಾಸ್ಕೋಷಿಯದ ಭೂಮಿ, ಅವನ ಬಳಿಯೇ ಇದ್ದ ಪುಸ್ತಕ ಮತ್ತು ಕಾಗದಗಳು, ಸಾಲದ ಮನ್ನಾ, ಇಷ್ಟೇ. ಯುದ್ಧದಲ್ಲಿ ಅವನು ತಮಗೆ ಇದಿರಾಗಿ ನಿಂತದ್ದೇ ಕಾರಣವೆಂದು ತಂದೆ ಬರೆದಿಟ್ಟರು. ಗೋರಿಯ ಅಕ್ಷರ ಬರೆದುಕೊಂಡ ಕೈಗೆ ಸಿಕ್ಕಿದ ಪಾಲು ಅದು!

ಕಾಗದ ಹೇಳದೆ ಬಿಟ್ಟದ್ದೂ ಉಂಟು. ವಿಲಿಯಂ ಮದುವೆಯ ಹೊರಗೆ ಹುಟ್ಟಿದವನು. ಅವನ ತಾಯಿ ಯಾರೆಂಬುದು ಇಂದಿಗೂ ಗೊತ್ತಿಲ್ಲ. ಇನ್ನು, ಯಜಮಾನನ ಹಿರಿಯರ ಕಲ್ಲು ತೊಳೆದ ಪೀಟರನ ಅಜ್ಜನ ಹೆಸರು ಯಾವ ಕಲ್ಲಿನಲ್ಲಿತ್ತು?

ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಹಳೆಯ ಉಯಿಲೊಂದು ಇದ್ದೀತು. ಬಿಡುವಾದಾಗ ತೆಗೆದು ಓದಿ. ಯಾರಿಗೆ ಏನು ಬಂತೆಂದು ನೋಡಿದ ಮೇಲೆ, ಯಾರ ಹೆಸರು ಅಲ್ಲಿಲ್ಲವೆಂಬುದನ್ನೂ ನೋಡಿ. ಮನೆಯ ಹಿರಿಯರು ಇನ್ನೂ ಇದ್ದರೆ, ಆ ಹೆಸರನ್ನು ಇಂದೇ ಕೇಳಿ ಬರೆದಿಡಿ.