ಸಾವಿರದಲ್ಲಿ ಒಂದು ಸಂದೇಶ



ಚಿಕ್ಕಂದಿನಲ್ಲಿ ಅಂಗೈ ಮೇಲೆ ಕೋಲು ನಿಲ್ಲಿಸಿ ಆಡದವರು ನಮ್ಮಲ್ಲಿ ಕಡಿಮೆ. ತುದಿ ಯಾವ ಕಡೆ ವಾಲಿತೋ ಆ ಕಡೆಗೆ ಕೈ ಓಡಬೇಕು. ಕಣ್ಣು ಮುಚ್ಚಿದರೆ ಕೋಲು ಬಿತ್ತು. ಫೀಡ್‌ಬ್ಯಾಕ್ ನಿಯಂತ್ರಣವೆಂದರೆ ಇಷ್ಟೇ: ನೋಡುವುದು, ಲೆಕ್ಕ ಹಾಕುವುದು, ಕೈ ಸರಿಸುವುದು, ಮತ್ತೆ ನೋಡುವುದು. ಈಗ ಕಣ್ಣು ಒಂದು ಕಟ್ಟಡದಲ್ಲಿ, ಲೆಕ್ಕ ಹಾಕುವ ತಲೆ ಇನ್ನೊಂದರಲ್ಲಿ, ನಡುವೆ ಬ್ಯಾಟರಿಯ ಮೇಲೆ ನಡೆಯುವ ಪುಟ್ಟ ರೇಡಿಯೊಗಳ ಸಾಲು ಎಂದಿಟ್ಟುಕೊಳ್ಳಿ. ಕೋಲು ನಿಲ್ಲುತ್ತದೆಯೇ? ನಿಲ್ಲುತ್ತದೆಂದು ಮೊದಲೇ ಮಾತು ಕೊಡಬಹುದೇ? ನಾವು ಇಲ್ಲಿ ಸೇರಿರುವುದು ಈ ಎರಡನೆಯ ಪ್ರಶ್ನೆಗಾಗಿ.

ಇಂಥ ಪುಟ್ಟ ರೇಡಿಯೊಗಳಲ್ಲಿ 802.15.4 ಮಾನದಂಡದ್ದು 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 250 ಕಿಲೋಬಿಟ್ ಸಾಗಿಸುತ್ತದೆ. 127 ಬೈಟಿನ ತುಂಬಿದ ಪ್ಯಾಕೆಟ್ ಒಂದು ರೇಡಿಯೊದಿಂದ ಮುಂದಿನದಕ್ಕೆ ತಲುಪಲು ಸುಮಾರು ನಾಲ್ಕು ಮಿಲಿಸೆಕೆಂಡು ಬೇಕು. ವೈಫೈ, ಬ್ಲೂಟೂತ್ ಕೂಡ ಅದೇ ಬ್ಯಾಂಡಿನಲ್ಲಿವೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ನೀರಿನ ತೊಟ್ಟಿಯ ಮಟ್ಟವನ್ನು ರೇಡಿಯೊ ಮೂಲಕ ಹತೋಟಿಯಲ್ಲಿಡುತ್ತಿದ್ದೆವು. ದಿನಾ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಮಟ್ಟ ಏರುಪೇರಾಗುತ್ತಿತ್ತು. ರೇಡಿಯೊ ಜಾಲ ನೋಡಿಕೊಳ್ಳುವವರ ಪಟ್ಟಿಯಲ್ಲಿ ಮಾತ್ರ ಸಂದೇಶಗಳು ನೂರಕ್ಕೆ 99ಕ್ಕಿಂತ ಹೆಚ್ಚು ತಲುಪಿದ್ದವು. ವಾರವಿಡೀ ಹುಡುಕಿದ ಮೇಲೆ ಸಿಕ್ಕಿದ್ದು ಪಕ್ಕದ ಕೋಣೆಯ ಮೈಕ್ರೋವೇವ್ ಒಲೆ; ಅದರದೂ ಅದೇ ಬ್ಯಾಂಡು. ಊಟದ ಡಬ್ಬಿ ಬಿಸಿಯಾಗುವ ಹೊತ್ತಿಗೆ ಸಂದೇಶಗಳು ಸಾಲುಸಾಲಾಗಿ ಕಳೆದುಹೋಗುತ್ತಿದ್ದವು. ದಿನದ ಸರಾಸರಿಯಲ್ಲಿ ಆ ಎರಡು ನಿಮಿಷ ಕಾಣುವುದೇ ಇಲ್ಲ. ಅಂದಿನಿಂದ ನನಗೆ ಸರಾಸರಿಗಳ ಮೇಲೆ ನಂಬಿಕೆ ಕಡಿಮೆ.

ಒಂದು ಸಣ್ಣ ಲೆಕ್ಕ. 20 ಮಿಲಿಸೆಕೆಂಡಿಗೊಮ್ಮೆ ಒಂದು ಸಂದೇಶವೆಂದರೆ ದಿನಕ್ಕೆ 43,20,000. ಸಾವಿರದಲ್ಲಿ ಒಂದೇ ಕಳೆದರೂ 4,320 ಸಲ ಕಣ್ಣು ಮುಚ್ಚಿದಂತಾಯಿತು. ಚದುರಿ ಕಳೆದರೆ ಕೋಲು ನಿಂತೀತು. ಬೆನ್ನುಬೆನ್ನಿಗೆ ಹತ್ತು ಕಳೆದರೆ ಬಿದ್ದೀತು. ಕಳೆಯದಂತೆ ಮತ್ತೆ ಮತ್ತೆ ಕಳಿಸುತ್ತಾ ಹೋದರೆ ತಡವಾಗುತ್ತದೆ. ಕೋಲು ಎಲ್ಲಿತ್ತು ಎಂಬ ಹಳೆಯ ಸುದ್ದಿ ಕೈಗೆ ಉಪಯೋಗವಿಲ್ಲ.

2011ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಿಂದ ಬಂದ ಗ್ಲಾಸಿ ಎಂಬ ಸಂವಹನ ವಿಧಾನ ಈ ಇಕ್ಕಟ್ಟಿಗೆ ಬೇರೆಯೇ ದಾರಿ ತೋರಿಸಿತು. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸದು ಎಂಬುದು ಅಲ್ಲಿಯವರೆಗಿನ ರೂಢಿಯ ತಿಳಿವಳಿಕೆ. ಆದರೆ ಭಜನೆಯಲ್ಲಿ ಹತ್ತು ಜನ ಒಂದೇ ಸಾಲನ್ನು ಒಂದೇ ತಾಳಕ್ಕೆ ಹಾಡಿದರೆ ಮಾತು ಸ್ಪಷ್ಟವಾಗಿಯೇ ಕೇಳುತ್ತದಲ್ಲ! ಗ್ಲಾಸಿಯಲ್ಲಿ ಸಂದೇಶ ಕೇಳಿಸಿಕೊಂಡ ರೇಡಿಯೊಗಳೆಲ್ಲ ಅದನ್ನೇ ಒಟ್ಟಿಗೆ ಮರುನುಡಿಯುತ್ತವೆ, ಅರ್ಧ ಮೈಕ್ರೋಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ. ಯಾರಿಂದ ಯಾರಿಗೆ ಎಂಬ ದಾರಿಯ ಲೆಕ್ಕ ಇಡಬೇಕಿಲ್ಲ. ಸಂದೇಶ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಮೊದಲೇ ಗೊತ್ತು, ಜಾಲದ ಗಡಿಯಾರಗಳೂ ಅದರಿಂದಲೇ ಕೂಡಿಕೊಳ್ಳುತ್ತವೆ. ಅಪರೂಪಕ್ಕೆ ಆಗುವ ನಷ್ಟಗಳೂ ಬಹುಮಟ್ಟಿಗೆ ನಾಣ್ಯ ಚಿಮ್ಮಿದ ಹಾಗೆ ಬಿಡಿಬಿಡಿ. ನಿಯಂತ್ರಣದ ಗಣಿತಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಈ ಬುನಾದಿಯ ಮೇಲೆ ಮಾಗರ್, ಬೌಮನ್, ಜಾಕೋಬ್, ಥೀಲೆ, ಟ್ರಿಂಪೆ, ಸಿಮ್ಮರ್ಲಿಂಗ್ 2019ರಲ್ಲಿ ಮಾಡಿ ತೋರಿಸಿದ ಪ್ರಯೋಗವನ್ನು ವಿದ್ಯಾರ್ಥಿಗಳು ದಯವಿಟ್ಟು ಓದಿ. 20 ರೇಡಿಯೊಗಳ ಜಾಲ, ಹಳಿಯ ಮೇಲೆ ಓಡುವ ಬಂಡಿಗಳು, ಬಂಡಿಯ ಮೇಲೆ ತಲೆಕೆಳಗಾದ ಲೋಲಕ. ಸಂದೇಶ ರೇಡಿಯೊದಿಂದ ರೇಡಿಯೊಗೆ ಹಲವು ನೆಗೆತಗಳಲ್ಲಿ ಸಾಗುವ ಇಂಥ ಜಾಲದಲ್ಲಿ ಅದುವರೆಗೆ ಸಾಧ್ಯವಾಗಿದ್ದುದು ಸೆಕೆಂಡುಗಳ ಲೆಕ್ಕದ ನಿಯಂತ್ರಣ. ಅವರು ಅದನ್ನು 20–50 ಮಿಲಿಸೆಕೆಂಡಿನ ಮಟ್ಟಕ್ಕೆ ಇಳಿಸಿದರು. ರೇಡಿಯೊಗೆ ಒಂದು ಪ್ರೊಸೆಸರ್, ನಿಯಂತ್ರಣಕ್ಕೆ ಇನ್ನೊಂದು: ಒಂದರ ಗಡಿಬಿಡಿ ಇನ್ನೊಂದನ್ನು ತಟ್ಟುವುದಿಲ್ಲ. ತಡ ಎಷ್ಟೆಂದು ಗೊತ್ತಿರುವುದರಿಂದ, ಆಜ್ಞೆ ಮುಟ್ಟುವ ಹೊತ್ತಿಗೆ ಕೋಲು ಎಲ್ಲಿರುತ್ತದೆಂದು ನಿಯಂತ್ರಕ ಮುಂಚೆಯೇ ಅಂದಾಜು ಮಾಡುತ್ತದೆ. ಸ್ಥಿರತೆಗೆ ಗಣಿತದ ಪುರಾವೆಯನ್ನೂ ಕೊಟ್ಟಿದ್ದಾರೆ. ಪುರಾವೆ ರೇಖೀಯ ವ್ಯವಸ್ಥೆಗಳಿಗೆ ಮಾತ್ರ; ಅದರಾಚೆಗಿನ ಹೊಲ ಇನ್ನೂ ಉಳುವವರಿಗಾಗಿ ಕಾದಿದೆ.

ನನ್ನನ್ನು ಹೆಚ್ಚು ತಟ್ಟಿದ್ದು, ಜಾಲದವರೂ ನಿಯಂತ್ರಣದವರೂ ಒಂದೇ ಮೇಜಿನಲ್ಲಿ ಕೂತು ಆ ಕೆಲಸ ಮಾಡಿದರೆಂಬುದು. ನಮ್ಮ ತೊಟ್ಟಿಯ ವಿಚಾರದಲ್ಲಿ ಎರಡು ಕಡೆಯವರೂ ಅವರವರ ಪಟ್ಟಿ ಹಿಡಿದು ಸರಿಯಾಗಿಯೇ ಇದ್ದರು, ಮಟ್ಟ ಮಾತ್ರ ಏರುಪೇರಾಗುತ್ತಲೇ ಇತ್ತು. ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ ಇಷ್ಟು: ಎಷ್ಟು ಸಂದೇಶ ತಲುಪಿತು ಎಂದು ಹೇಳಿದ ಕೂಡಲೇ, ಅತಿ ಹೆಚ್ಚೆಂದರೆ ಬೆನ್ನುಬೆನ್ನಿಗೆ ಎಷ್ಟು ಕಳೆದವು, ಆಗ ಯಂತ್ರ ಏನು ಮಾಡಿತು ಎಂಬುದನ್ನೂ ಹೇಳಿ. ಮೊದಲ ಗೋಷ್ಠಿಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಇದನ್ನು ಕೇಳುತ್ತೇನೆ.